ಅಪ್ಪಾಸಾಬರ ಕೊನೆಯ ಚುನಾವಣೆ

ಜಿಲ್ಲಾ ಪಂಚಾಯಿತಿ ಮತದಾನದ ಮರುದಿನ, ಸೋಮವಾರ ಬೆಳಿಗ್ಗೆ, ಇಂಗಳೇಶ್ವರದ ಶಾಲಾ ಶಿಕ್ಷಕಿ ಸುಮಂಗಲಾ, ಬಸವನಬಾಗೇವಾಡಿಯ ಪೊಲೀಸ್ ಠಾಣೆಗೆ ಬಂದು ತನ್ನ ತಂದೆ ಕಾಣೆಯಾಗಿದ್ದಾರೆಂದು ದೂರು ಕೊಟ್ಟಳು. ತಂದೆಯ ಹೆಸರು ಕೇಳಿದೊಡನೆ ಇನ್ಸ್‌ಪೆಕ್ಟರ್ ತಬ್ರೇಜ ಪೆನ್ನು ಕೆಳಗಿಟ್ಟರು. ಅಪ್ಪಾಸಾಬ ಆ ಕ್ಷೇತ್ರದ ಅಭ್ಯರ್ಥಿ. ಅವರ ತಂದೆ ತಾಲೂಕು ಬೋರ್ಡಿನ ಅಧ್ಯಕ್ಷರಾಗಿದ್ದವರು, ಅಪ್ಪಾಸಾಬ ತಾವೂ ನಾಲ್ಕು ಸಲ ಗೆದ್ದವರು. ಶುಕ್ರವಾರ ಪ್ರಚಾರ ಮುಗಿಯುವವರೆಗೂ ಅವರ ದನಿ ಓಣಿ ಓಣಿಯಲ್ಲಿ ಮೈಕಿನಿಂದ ಮತ ಕೇಳುತ್ತಿತ್ತು.

ಸೊಲ್ಲಾಪುರದ ದವಾಖಾನೆಯಲ್ಲಿದ್ದಾರೆ ಎಂದು ತನ್ನ ತಮ್ಮ ಸಂಜೀವಕುಮಾರ ಹೇಳುತ್ತಾನೆ, ಯಾವ ದವಾಖಾನೆ ಎಂದರೆ ಬಾಯಿ ಬಿಡುವುದಿಲ್ಲ ಎಂದು ಸುಮಂಗಲಾ ಹೇಳಿದಳು.

“ಫೋನಿನಾಗರ ಮಾತಾಡಿದ್ರೇನು?”

“ಶನಿವಾರ ತಮ್ಮ ಒಂದ್ಸಲ ಕೊಟ್ಟಾನ್ರಿ. ಅಪ್ಪಾ, ನಾ ಸುಮಿ ಅಂದೆ. ನಿಮ್ಮ ಅಮೂಲ್ಯ ಮತ ನನಗ ಕೊಡ್ರಿ ಅಂತು ಆ ಕಡಿಂದ.” ಅವಳು ಸೆರಗಿನ ಅಂಚು ಹಿಂಡುತ್ತಿದ್ದಳು. “ಅದು ಮೈಕಿನ ರೆಕಾರ್ಡಿಂಗ್ ಐತ್ರಿ ಸಾಹೇಬ್ರ. ನಮ್ಮಪ್ಪ ಅಲ್ಲ.”

ಬುಧವಾರ ಮತ ಎಣಿಕೆ. ಈಗ ಆ ಮನೆಯ ಬಾಗಿಲು ತಟ್ಟಿದರೆ ಎಂಥ ಫೋನುಗಳು ಬರುತ್ತವೆಂಬುದು ತಬ್ರೇಜರಿಗೆ ಗೊತ್ತಿತ್ತು. ಆದರೂ ಕಾಣೆಯಾದ ಪ್ರಕರಣವೆಂದು ಎಫ್‌ಐಆರ್ ದಾಖಲಿಸಿದರು. ಮಧ್ಯಾಹ್ನಕ್ಕೆ ಮೊದಲ ಫೋನು ಬಂತು. ಎಣಿಕೆ ಮುಗಿಯುವವರೆಗೆ ಕಾಯಬಾರದೇ ಎಂದು ಮೇಲಿನವರೊಬ್ಬರು ಮೆತ್ತಗೆ ಕೇಳಿದರು. ದೂರು ಬಂದಾಗಿದೆ ಸರ್ ಎಂದಷ್ಟೇ ಹೇಳಿ ತಬ್ರೇಜ ಫೋನು ಇಟ್ಟರು.

ಕಾನ್‌ಸ್ಟೆಬಲ್ ಸಂಗಮೇಶ ಸೊಲ್ಲಾಪುರಕ್ಕೆ ಹೋಗಿ ಒಂದೊಂದೇ ದವಾಖಾನೆ ಹತ್ತಿ ಇಳಿದ. ಆ ಹೆಸರಿನ ರೋಗಿ ಎಲ್ಲಿಯೂ ದಾಖಲಾಗಿರಲಿಲ್ಲ. ಪ್ರಚಾರದ ಜೀಪಿನ ಚಾಲಕ ಮೊದಲು ಏನೂ ಗೊತ್ತಿಲ್ಲವೆಂದ. ಎರಡನೇ ಸಲ ಕೇಳಿದಾಗ, ಹೋದ ಬುಧವಾರ ಭಾಷಣ ಮುಗಿಸಿ ಜೀಪು ಹತ್ತಿದ ಸಾಹೇಬರ ಬಾಯಿ ಒಂದು ಕಡೆ ವಾಲಿತ್ತು, ಮಗ ತನ್ನನ್ನು ಇಳಿಸಿ ತಾನೇ ಜೀಪು ಹೊಡೆದುಕೊಂಡು ಹೋದ ಎಂದು ಒಪ್ಪಿಕೊಂಡ.

ಮಂಗಳವಾರ ತಬ್ರೇಜ ಸಂಜೀವಕುಮಾರನ ಮನೆಗೆ ಹೋದರು. ಪಡಸಾಲೆಯ ತುಂಬ ಕಾರ್ಯಕರ್ತರು. ಅವನು ಚಹಾ ತರಿಸಿದ. ಗಡ್ಡ ಬೆಳೆದಿತ್ತು, ಕಣ್ಣುಗಳು ಒಳಗೆ ಹೋಗಿದ್ದವು. ಯಾರು ದೂರು ಕೊಟ್ಟರೆಂದು ಅವನು ಕೇಳಲಿಲ್ಲ.

“ತಂದೆಯವರು ಎಲ್ಲಿ ಅದಾರ?”

“ಆರಾಮ ಮಾಡಾಕತ್ತಾರ್ರಿ.”

“ಎಲ್ಲಿ?”

“ನಾಳಿ ಮಧ್ಯಾಹ್ನದ ತನಕ ತಡೀರಿ, ಸಾಹೇಬ್ರ. ಆಮ್ಯಾಲ ನಾನೇ ಕರಕೊಂಡು ಹೋಗ್ತೇನಿ.”

ಸಂಜೆ ಅವನ ಮೊಬೈಲಿನ ಟವರ್ ವಿವರ ಬಂತು. ಹೋದ ಬುಧವಾರದಿಂದ ಶನಿವಾರದವರೆಗೆ ಫೋನು ಹೆಚ್ಚಿನ ಹೊತ್ತು ಇದ್ದದ್ದು ಇಂಡಿ ತಾಲೂಕಿನ ಝಳಕಿಯಲ್ಲಿ. ಅಲ್ಲಿ ಹೆದ್ದಾರಿಯ ಪಕ್ಕ ಆ ಮನೆತನದ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜ್ ಇತ್ತು.

ಬುಧವಾರ ಬೆಳಿಗ್ಗೆ ಸ್ಥಳೀಯ ಪೊಲೀಸರನ್ನೂ ಇಬ್ಬರು ಪಂಚರನ್ನೂ ಕರೆದುಕೊಂಡು ತಬ್ರೇಜ ಅಲ್ಲಿಗೆ ಮುಟ್ಟಿದರು. ಕಾವಲುಗಾರ ಸಿದ್ದರಾಯ ಕೇಳುವ ಮೊದಲೇ ಬೀಗದ ಕೈ ತೆಗೆದ. ಕೊನೆಯ ಕೋಣೆಯಲ್ಲಿ, ದ್ರಾಕ್ಷಿ ಪೆಟ್ಟಿಗೆಗಳ ಹಿಂದೆ, ಕಬ್ಬಿಣದ ಮಂಚದ ಮೇಲೆ ಕಂಬಳಿ ಹೊದಿಸಿದ ಶವವಿತ್ತು. ಬಿಳಿ ಜುಬ್ಬಾ, ಎದೆಯ ಮೇಲೆ ಪಕ್ಷದ ಬಿಲ್ಲೆ, ಹೊರಗಾಯಗಳಿಲ್ಲ ಎಂದು ಸಂಗಮೇಶ ಪಂಚನಾಮೆಯಲ್ಲಿ ಬರೆದ. ಥಂಡಿಗೆ ಅವನ ಅಕ್ಷರಗಳು ಸೊಟ್ಟಗಾಗುತ್ತಿದ್ದವು.

“ಸತ್ತಮ್ಯಾಲ ತಂದಾರೇನು?” ಎಂದು ತಬ್ರೇಜ ಕೇಳಿದರು.

“ಇಲ್ರಿ,” ಎಂದ ಸಿದ್ದರಾಯ. “ತಂದಾಗ ಜೀವ ಇತ್ರಿ.”

ಅಪ್ಪಾಸಾಬರನ್ನು ಮೊದಲು ಸಿದ್ದರಾಯನ ಖೋಲಿಯಲ್ಲೇ ಮಲಗಿಸಿದ್ದರು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ನೀರು ಹಾಕಿದರೆ ಕಟಬಾಯಿಯಿಂದ ಹೊರಗೆ ಇಳಿಯುತ್ತಿತ್ತು. ಡಾಕ್ಟರನ್ನು ಕರೆಯೋಣವೆಂದು ಸಿದ್ದರಾಯ ಕೈಮುಗಿದು ಕೇಳಿದ್ದ. ಓಟು ಆಗಲಿ ಎಂದು ಸಂಜೀವಕುಮಾರ ಹೇಳುತ್ತಲೇ ಹೋಗಿದ್ದ. ಶನಿವಾರ ನಸುಕಿನಲ್ಲಿ ಉಸಿರು ನಿಂತಿತು. ಹೆದರಿ ಸುಮ್ಮನಿದ್ದೆ ಎಂದು ಹೇಳುವಾಗ ಸಿದ್ದರಾಯ ಅಳುತ್ತಿದ್ದ.

ತಬ್ರೇಜ ಎಣಿಕೆ ಕೇಂದ್ರ ಮುಟ್ಟುವಷ್ಟರಲ್ಲಿ ಅಪ್ಪಾಸಾಬ ಗೆದ್ದಿದ್ದಾರೆಂದು ಘೋಷಣೆಯಾಗಿತ್ತು. ಗೇಟಿನ ಹೊರಗೆ ಹಲಗೆ ಬಾರಿಸುತ್ತಿದ್ದರು. ತಲೆಯಿಂದ ಅಂಗಿಯವರೆಗೆ ಗುಲಾಲು ಮೆತ್ತಿಕೊಂಡ ಸಂಜೀವಕುಮಾರನನ್ನು ಯಾರೋ ಹೆಗಲ ಮೇಲೆ ಎತ್ತಿದ್ದರು. ಸಮವಸ್ತ್ರ ಕಂಡು ಅವನೇ ಕೆಳಗಿಳಿದ.

“ಝಳಕಿಗೆ ಹೋಗಿದ್ರೇನು?”

“ಹೋಗಿದ್ವಿ.”

ಅವನು ತಾನೇ ಪೊಲೀಸ್ ಜೀಪು ಹತ್ತಿದ. ಬಹಳ ಜನಕ್ಕೆ ಅದು ಮೆರವಣಿಗೆಯ ಜೀಪು ಅನ್ನಿಸಿತು. ಹಿಂದೆಯೇ ಒಂದಿಷ್ಟು ದೂರ ಕುಣಿಯುತ್ತ ಬಂದರು.

ಮೆದುಳಿನಲ್ಲಿ ರಕ್ತಸ್ರಾವ, ತಕ್ಷಣ ತಂದಿದ್ದರೆ ಉಳಿಯುವ ಸಾಧ್ಯತೆ ಇತ್ತು ಎಂದು ಶವಪರೀಕ್ಷೆ ಮಾಡಿದ ವೈದ್ಯರು ತಿಳಿಸಿದರು. ಕೊಲೆಯಲ್ಲದ ಮಾನವ ಹತ್ಯೆಯ ಕಲಮು ಸೇರಿಸಲಾಯಿತು.

ಸಂಜೀವಕುಮಾರ ಏನನ್ನೂ ಮುಚ್ಚಿಡಲಿಲ್ಲ. ಎರಡು ಸಲ ಅವನು ತನ್ನ ಹೆಸರಿನಲ್ಲಿ ನಿಂತು ಸೋತಿದ್ದ. ನಡುವಯಸ್ಸು ದಾಟಿದರೂ ಊರವರಿಗೆ ಅವನು ಅಪ್ಪಾಸಾಬರ ಮಗನಷ್ಟೇ. ಈ ಸಲ ಟಿಕೆಟ್ಟು ನಿನಗೇ ಎಂದಿದ್ದ ತಂದೆ ಕೊನೆಯ ದಿನ ತಾವೇ ನಾಮಪತ್ರ ಹಾಕಿದರು. ಮತದಾನಕ್ಕೆ ಮೊದಲು ಕಾಯಿಲೆಯ ಸುದ್ದಿ ಹೊರಬಿದ್ದರೆ ಕ್ಷೇತ್ರ ಕೈಬಿಡುತ್ತದೆ, ಸತ್ತರೆ ಚುನಾವಣೆ ರದ್ದಾಗಿ ಟಿಕೆಟ್ಟು ಬೇರೆಯವರ ಪಾಲಾಗುತ್ತದೆ. ಗೆದ್ದ ಮೇಲೆ ಹೋದರೆ ಉಪಚುನಾವಣೆ, ಆಗ ಮಗನಿಗೆ ಬೇಡವೆನ್ನುವವರು ಯಾರು? ಇಷ್ಟೇ ಅವನ ಲೆಕ್ಕ. ಡಾಕ್ಟರಿಗೆ ಫೋನು ಹಚ್ಚಲು ಹೋಗಿ ಹೋಗಿ ಬಿಟ್ಟೆನೆಂದೂ ಹೇಳಿದ.

ಹೇಳಿಕೆಗೆ ಸಹಿ ಹಾಕಲು ಬಂದ ಸುಮಂಗಲಾ ಲಾಕಪ್ಪಿನ ಎದುರು ನಿಂತಳು. ಬೈಯುತ್ತಾಳೆಂದು ಎಲ್ಲರೂ ಕಾದರು. ಅಪ್ಪ ಕೊನೆಗೆ ಏನಾದರೂ ಹೇಳಿದನೇ ಎಂದಷ್ಟೇ ಅವಳು ಕೇಳಿದಳು.

“ಮಾತು ಹೋಗಿತ್ತಕ್ಕ,” ಎಂದ ಸಂಜೀವಕುಮಾರ. ಗುಲಾಲು ಇನ್ನೂ ಕಿವಿಯ ಹಿಂದೆ ಇತ್ತು. “ಬಾಗಲಾ ಕಡಿನ ನೋಡತಿದ್ದ. ಯಾರರ ಬರ್ತಾರೇನೋ ಅಂತ. ನನಗ ನೋಡಾಕ ಆಗ್ಲಿಲ್ಲ. ಎದ್ದು ಬಾಗಲಾ ಹಾಕ್ದೆ.”