ಕೊನೆಯವಳ ಹಿಂದೆ ಒಬ್ಬ

ಮೊದಲ ಭಾನುವಾರವೇ ಅವಳು ಅವನ ಹೊಸ ಶೂ ಮೇಲೆ ವಾಂತಿ ಮಾಡಿಕೊಂಡಳು.

ಪರಿಚಯವಾಗುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿಗಳು ಎಷ್ಟೋ ಇವೆ. ಆದರೆ ಎರಡು ಕಿಲೋಮೀಟರ್ ಓಡುವಷ್ಟರಲ್ಲಿ ಅವಳ ಕಣ್ಣಿಗೆ ಕತ್ತಲೆ ಕವಿದಿತ್ತು. ಕಾಲುವೆಯ ಏರಿಯ ಮೇಲೆ ಕುಸಿದು ಕೂತಿದ್ದಳು. ಹಿಂದಿನಿಂದ ಬಂದವನು ಬಗ್ಗಿ ಏನಾಯಿತೆಂದು ಕೇಳಿದ. ಅದಕ್ಕೆ ಸಿಕ್ಕ ಉತ್ತರ ಅದು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಅವನು ಮಾತ್ರ ಕಾಲುವೆಗಿಳಿದು ಶೂ ತೊಳೆದುಕೊಂಡು ಬಂದು, ಒದ್ದೆ ಕಾಲಲ್ಲೇ ಪಕ್ಕದಲ್ಲಿ ನಿಂತ.

"ನೀವು ಹೋಗಿ. ನನ್ನ ಕೈಲಿ ಆಗಲ್ಲ," ಎಂದಳು.

"ನಿಧಾನಕ್ಕೆ ನಡೀರಿ. ನಾನು ಹಿಂದೆ ಇರ್ತೀನಿ."

ಹಿಂದೆ ಇರ್ತೀನಿ... ಆ ಮಾತು ಕೇಳಿ ಎಷ್ಟು ಕಾಲವಾಗಿತ್ತು ಅವಳಿಗೆ!

ನಗರದ ಅಂಚಿನಲ್ಲಿ ಒಂದು ಆರೈಕೆ ಮನೆಯಿತ್ತು. ಡಾಕ್ಟರುಗಳು ಕೈಚೆಲ್ಲಿದ ಮೇಲೆ ಜನ ತಮ್ಮ ಕೊನೆಯ ದಿನಗಳನ್ನು ಕಳೆಯುವ ಜಾಗ. ಅಲ್ಲಿ ತಮ್ಮವರೆಂದು ಪಕ್ಕದಲ್ಲಿ ಕೂರುವವರಿಲ್ಲದ ರೋಗಿಗಳಿದ್ದರು. ಅವರ ಜೊತೆಗಿರಲು ಆಳುಗಳನ್ನು ನೇಮಿಸಬೇಕು, ಅದಕ್ಕೆ ದೇಣಿಗೆ ಬೇಕು. ಹಾಗೆ ಹುಟ್ಟಿಕೊಂಡ ಗುಂಪು ಇದು. ಜನ್ಮದಲ್ಲಿ ಬಸ್ಸಿನ ಹಿಂದೆ ಬಿಟ್ಟರೆ ಬೇರೆ ಯಾವುದಕ್ಕೂ ಓಡದ ಹನ್ನೆರಡು ಮಂದಿ, ಐದು ತಿಂಗಳಲ್ಲಿ ನಲವತ್ತೆರಡು ಕಿಲೋಮೀಟರಿನ ಮ್ಯಾರಥಾನ್ ಓಡಿ ತೋರಿಸುತ್ತೇವೆ, ಅದಕ್ಕೆ ದೇಣಿಗೆ ಕೊಡಿ ಎಂದು ನೆಂಟರಿಷ್ಟರ ಹತ್ತಿರವೆಲ್ಲ ಹೇಳಿಕೊಂಡು ಬಂದಿದ್ದರು.

ತರಬೇತಿ ಕೊಡುತ್ತಿದ್ದವರು ನಿವೃತ್ತರಾದ ಒಬ್ಬ ಪಿ.ಟಿ. ಮೇಷ್ಟ್ರು. ಹೆಸರು ನೆನಪಿಡುವ ಗೋಜಿಗೆ ಹೋಗದೆ ಎಲ್ಲರನ್ನೂ ಅವರವರ ಕೆಲಸದಿಂದಲೇ ಕೂಗುತ್ತಿದ್ದರು. ಲಿಫ್ಟ್ ರಿಪೇರಿ ಮಾಡುವ ಅವನು ಲಿಫ್ಟು. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಅವಳು ಕನ್ನಡಕ. ಗುಂಪಿಗೇ ಹಿರಿಯಳಾದ ಒಬ್ಬ ನರ್ಸಮ್ಮ ಇದ್ದಳು. ಅವಳು ಎಲ್ಲರಿಗೂ ಸಿಸ್ಟರ್.

ಎರಡನೇ ಭಾನುವಾರವೂ ಅವಳೇ ಕಡೆಯವಳು. ಹಿಂದೆ ಅವನು. ಮೂರನೇ ಭಾನುವಾರವೂ ಅಷ್ಟೇ.

ಮೊದಮೊದಲು ಅವಳಿಗೆ ಮುಜುಗರವಾಗುತ್ತಿತ್ತು. ಬರಬರುತ್ತಾ ಹಿಂದಿನಿಂದ ಕೇಳುವ ಅವನ ಹೆಜ್ಜೆಯ ಸದ್ದಿಲ್ಲದೆ ಓಡುವುದೇ ಆಗುವುದಿಲ್ಲ ಎನ್ನುವಂತಾಯಿತು. ಉಸಿರು ಸಿಕ್ಕಾಗ ಮಾತಾಡುತ್ತಿದ್ದರು. ಕೆಟ್ಟು ನಿಂತ ಲಿಫ್ಟಿನೊಳಗೆ ಸಿಕ್ಕಿಕೊಂಡವರು ಏನೇನು ಮಾಡುತ್ತಾರೆಂದು ಅವನು ಹೇಳುತ್ತಿದ್ದ. ಒಬ್ಬಾತ ಒಳಗಿಂದಲೇ ಹೆಂಡತಿಗೆ ಫೋನ್ ಮಾಡಿ, ಮುಚ್ಚಿಟ್ಟ ತಪ್ಪುಗಳನ್ನೆಲ್ಲ ಒಪ್ಪಿಕೊಂಡುಬಿಟ್ಟಿದ್ದನಂತೆ. ಹೊರಗೆ ಬಂದ ಮೇಲೆ, ಇನ್ನೊಂದು ಐದು ನಿಮಿಷ ಬೇಗ ಬರಬಾರದಿತ್ತಾ ಎಂದು ಇವನನ್ನೇ ಬೈದಿದ್ದನಂತೆ. ಅವಳು ನಕ್ಕಳು. ಅಮ್ಮ ಹೋದ ಎಂಟು ತಿಂಗಳಲ್ಲಿ ಅದೇ ಮೊದಲ ನಗು.

ಮೂವತ್ತನಾಲ್ಕು ವರ್ಷದ ಅವಳ ಮದುವೆಯ ಮಾತು ಅಮ್ಮನ ಔಷಧಿ ಚೀಟಿಗಳ ನಡುವೆ ಎಲ್ಲೋ ಕಳೆದುಹೋಗಿತ್ತು. ಹುಡುಕುವ ಮನಸ್ಸು ಯಾರಿಗೂ ಇರಲಿಲ್ಲ, ಅವಳಿಗೂ. ಈಗ ಭಾನುವಾರದ ಹಿಂದಿನ ಸಂಜೆಯೇ ಶೂ ಒರೆಸಿ ಬಾಗಿಲ ಹತ್ತಿರ ಇಟ್ಟು, ಕನ್ನಡಿಯ ಮುಂದೆ ಒಂದು ಗಳಿಗೆ ಹೆಚ್ಚೇ ನಿಲ್ಲತೊಡಗಿದಳು.

ಅವನು ಬೇಕಾದರೆ ಮುಂದೆ ಓಡಬಹುದು. ಓಡುತ್ತಿಲ್ಲ. ಯಾಕಿರಬಹುದು?

ಉತ್ತರ ತನಗೆ ಗೊತ್ತೆಂದೇ ಅವಳು ತಿಳಿದಿದ್ದಳು, ಪಾಪ.

ಹನ್ನೆರಡನೇ ಭಾನುವಾರ ಆರೈಕೆ ಮನೆಯ ಕಾರ್ಯದರ್ಶಿ ಗುಂಪನ್ನು ನೋಡಲು ಬಂದಿದ್ದರು. ಇಷ್ಟು ನಿಧಾನವಾಗಿ ಓಡುವವರು ದಾರಿಯಲ್ಲಿ ಬಿದ್ದರೆ ಗತಿಯೇನೆಂದು ಕೇಳಿದರು. ಮೇಷ್ಟ್ರು ಎದೆಯುಬ್ಬಿಸಿ ತಮ್ಮ ನಿಯಮ ವಿವರಿಸಿದರು. ಕಡೆಯವರ ಹಿಂದೆ ಒಬ್ಬರು ಇದ್ದೇ ಇರಬೇಕು. ವಾರಕ್ಕೊಬ್ಬರ ಪಾಳಿ. ಕಡೆಯವರನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಮೊದಲ ದಿನವೇ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ ಎಂದರು. ಮೊದಲ ದಿನ ಅವಳು ಕಾಲು ಗಂಟೆ ತಡವಾಗಿ ಬಂದಿದ್ದಳು.

"ಈ ವಾರ ಯಾರ ಪಾಳಿ?" ಮೇಷ್ಟ್ರು ಕೇಳಿದರು.

"ನನ್ನದೇ ಸಾರ್," ಎಂದು ಅವನು ಕೈಯೆತ್ತಿದ.

ಅವಳು ಕುಡಿಯುತ್ತಿದ್ದ ನೀರಿನ ಬಾಟಲಿ ಕೆಳಗಿಟ್ಟಳು.

ಪಾಳಿ.

ಆ ಪದ ಅವಳಿಗೆ ಯಾಕೆ ಅಷ್ಟು ಚುಚ್ಚಿತೆಂದು ತಿಳಿಯಬೇಕಾದರೆ ಅವಳ ಮನೆಯ ಅಡುಗೆಕೋಣೆಗೆ ಬರಬೇಕು. ಅಮ್ಮನನ್ನು ಆರೈಕೆ ಮನೆಗೆ ಸೇರಿಸಿದ ದಿನ ಅತ್ತಿಗೆ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದಳು. ಅಣ್ಣನ ಪಾಳಿ, ಅತ್ತಿಗೆಯ ಪಾಳಿ, ಅವಳ ಪಾಳಿ. ತಪ್ಪೇನಿರಲಿಲ್ಲ, ಎಲ್ಲರಿಗೂ ಕೆಲಸವಿತ್ತು. ಹಾಸಿಗೆಯಲ್ಲಿದ್ದ ಅಮ್ಮನಿಗೂ ಅದು ಗೊತ್ತಾಗಿತ್ತು. ಬಾಗಿಲು ಸದ್ದಾದರೆ ಸಾಕು, "ಇದು ಯಾರ ಪಾಳಿ?" ಎಂದು ಕೇಳುತ್ತಿದ್ದಳು.

ಆ ಗುರುವಾರ ನಾಲ್ಕು ಗಂಟೆಯಿಂದ ಅವಳ ಪಾಳಿ. ಊರಿಗೆ ಹೊರಟಿದ್ದ ಗಿರಾಕಿಯ ಕನ್ನಡಕ ಮುಗಿಸಿಯೇ ಹೊರಡಬೇಕೆಂದು ಅಂಗಡಿಯವರು ಹಟ ಹಿಡಿದರು. ತನ್ನ ಪಾಳಿ ಮುಗಿಯಿತೆಂದು ಅಣ್ಣ ನಾಲ್ಕಕ್ಕೆ ಸರಿಯಾಗಿ ಎದ್ದು ಹೋಗಿದ್ದ. ಅವಳು ತಲುಪಿದ್ದು ನಾಲ್ಕೂ ನಲವತ್ತಕ್ಕೆ. ಅಷ್ಟರಲ್ಲಿ ಅಮ್ಮ ಒಬ್ಬಳೇ ಹೋಗಿಬಿಟ್ಟಿದ್ದಳು.

ಕಾರ್ಯದರ್ಶಿ ಹೋದ ಮೇಲೆ ಅವಳು ನೇರವಾಗಿ ಅವನ ಮುಂದೆ ಹೋಗಿ ನಿಂತಳು.

"ಮೊದಲ ದಿನ ನನ್ನ ಹಿಂದೆ ನಿಂತಿದ್ದು ಪಾಳಿ ಅಂತಾನಾ?"

ಅವನ ಮುಖ ಕೆಂಪಾಯಿತು. "ಆವತ್ತು... ಹೌದು. ಆದ್ರೆ..."

"ಇಷ್ಟು ಸಾಕು."

ಅವನಿಗೆ ಕೆಟ್ಟ ಮೋಟರು ಬಿಚ್ಚಿ ಜೋಡಿಸುವುದು ಗೊತ್ತು, ಮಾತು ಜೋಡಿಸುವುದು ಗೊತ್ತಿಲ್ಲ. ಆ 'ಆದ್ರೆ' ಅವನ ಬಾಯಲ್ಲೇ ಉಳಿಯಿತು. ವಾರಕ್ಕೊಬ್ಬರ ಪಾಳಿಯಾದರೆ ಹನ್ನೆರಡು ವಾರವೂ ಇವನೇ ಯಾಕೆಂದು ಕೇಳಿಕೊಳ್ಳುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಮುಂದಿನ ಭಾನುವಾರದಿಂದ ಅವಳು ಗುಂಪಿಗೆ ಹೋಗಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಗೋದಾಮುಗಳ ರಸ್ತೆಯಲ್ಲಿ ಒಬ್ಬಳೇ ಓಡುತ್ತಿದ್ದಳು. ಲಾರಿಗಳ ಹೊಗೆ, ಬೆಳಕಿಲ್ಲದ ಕಂಬಗಳು, ಬಾಗಿಲೆಳೆದ ಶೆಡ್ಡುಗಳು. ಅವನು ಎರಡು ಸಲ ಫೋನ್ ಮಾಡಿದ, ಅವಳು ಎತ್ತಲಿಲ್ಲ. ಮೂರನೇ ಸಲ ಅವನು ಮಾಡಲಿಲ್ಲ. ತಾನು ಬೆನ್ನು ಹತ್ತಿದ್ದೇ ಅವಳಿಗೆ ಬೇಸರ ತರಿಸಿತೆಂದುಕೊಂಡು ಸುಮ್ಮನಾದ.

ಆ ಮೌನವೂ ಅವಳಿಗೆ ಉತ್ತರವಾಗಿಯೇ ಕಂಡಿತು. ಪಾಳಿ ಮುಗಿದ ಮೇಲೆ ಯಾರು ಯಾಕೆ ಕಾಯುತ್ತಾರೆ?

ಒಂದು ದಿನ ಮೊಣಕಾಲಿಗೆ ಐಸ್ ಒತ್ತಿಕೊಂಡು ಕೂತಿದ್ದಾಗ ಅಣ್ಣ ಚಪ್ಪಲಿ ಹಾಕಿಕೊಳ್ಳುತ್ತಾ, "ಅಮ್ಮ ಹೋದ್ಮೇಲೆ ಓಡಿ ಏನು ಬಂತು?" ಎಂದ. ಕೆಟ್ಟ ಉದ್ದೇಶದಿಂದ ಅಂದದ್ದಲ್ಲ. ಅದಕ್ಕೇ ಅದು ಅವಳೊಳಗೆ ಹೋಗಿ ಕೂತುಬಿಟ್ಟಿತು. ಫ್ರಿಜ್ಜಿನ ಬಾಗಿಲಲ್ಲಿ ಹಾಳೆ ಇರಲಿಲ್ಲ, ಅಂಟಿನ ಗುರುತು ಹಾಗೇ ಇತ್ತು.

ಏನು ಬರುತ್ತದೆಂದು ಅವಳಿಗೆ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಮ್ಯಾರಥಾನಿನ ದಾರಿ ಮಧ್ಯಾಹ್ನ ಹನ್ನೆರಡಕ್ಕೆ ಮುಚ್ಚುತ್ತದೆ. ಅದರೊಳಗೆ ತಲುಪಬೇಕು. ಒಂದೇ ಒಂದು ಸಲ, ಅಮ್ಮನ ಹೆಸರಿನಲ್ಲಿ, ಹೇಳಿದ ಹೊತ್ತಿಗೆ ತಲುಪಬೇಕು. ಅದಾಗದಿದ್ದರೆ ತನ್ನ ಮುಖ ತಾನು ನೋಡಿಕೊಳ್ಳುವುದು ಹೇಗೆಂದು ಅವಳಿಗೆ ತಿಳಿಯದು.

ಆ ದಿನ ಬಂತು. ಬೆಳಗಿನ ಐದು ಗಂಟೆ, ಇನ್ನೂ ಬೆಳಕು ಹರಿಯದ ಆಕಾಶ. ಗುಂಪಿನ ಜೊತೆ ಅವನೂ ನಿಂತಿದ್ದ. ಸೊರಗಿದ್ದ. ಒಮ್ಮೆ ಅವಳ ಕಡೆ ನೋಡಿ ಕಣ್ಣು ಕೆಳಗೆ ಮಾಡಿದ. ಓಟ ಶುರುವಾಗುತ್ತಲೇ ಬಾಣ ಬಿಟ್ಟ ಹಾಗೆ ಹೊರಟುಹೋದ.

ಹೋಗಲಿ, ಎಂದುಕೊಂಡಳು. ಎದೆ ಮಾತ್ರ ಕೇಳಲಿಲ್ಲ.

ಅವಳ ಜೊತೆ ಓಡಿದವಳು ಸಿಸ್ಟರ್. ಇಪ್ಪತ್ತನಾಲ್ಕನೇ ಕಿಲೋಮೀಟರಿನಲ್ಲಿ ಸಿಸ್ಟರಿಗೆ ಸೊಂಟ ಹಿಡಿದುಕೊಂಡಿತು. ರಸ್ತೆ ಪಕ್ಕದ ಬೆಂಚಿನ ಮೇಲೆ ಕೂತು, ಇನ್ನು ತನ್ನಿಂದಾಗದು, ನೀನು ಹೋಗು ಎಂದಳು.

"ನಿನ್ನ ಜೊತೆ ಇಷ್ಟು ದೂರ ಬಂದಿದ್ದು ಇವತ್ತೇ ಕಣೇ. ಮೂರನೇ ವಾರ ನನ್ನ ಪಾಳಿ ಇತ್ತು. ಆ ಲಿಫ್ಟು ಬಿಡಲಿಲ್ಲವಲ್ಲ."

"ಅಂದ್ರೆ?"

"ನಿನಗೆ ಗೊತ್ತಿಲ್ವಾ? ಮೊದಲ ವಾರ ಒಂದೇ ಅವನ ಪಾಳಿ ಇದ್ದಿದ್ದು. ಆಮೇಲಿಂದು ಒಬ್ಬೊಬ್ಬರ ಹತ್ರಾನೂ ಕೇಳಿ ಕೇಳಿ ತಗೊಂಡ. ಹಿಂಗೇ ನಿಧಾನಕ್ಕೆ ಓಡ್ತಿದ್ರೆ ನೀನು ಕೆಟ್ಟೋಗ್ತೀಯ ಅಂತ ಮೇಷ್ಟ್ರು ಅವನಿಗೆ ಬೈದ್ರು. ಕಿವಿಗೇ ಹಾಕ್ಕೊಳ್ಳಲಿಲ್ಲ."

ಅವಳು ಅಲ್ಲಿಂದ ಹೇಗೆ ಹೊರಟಳೋ ಅವಳಿಗೇ ಗೊತ್ತಿಲ್ಲ. ಹನ್ನೊಂದು ವಾರ, ಬೇರೆಲ್ಲರ ಪಾಳಿ... ತಾನೋ ಅವನಿಗೆ ಒಂದು ಮಾತು ಮುಗಿಸಲು ಬಿಡಲಿಲ್ಲ. ಕಣ್ಣೀರಿಗೆ ರಸ್ತೆ ಮಂಜಾಯಿತು. ಮುಗಿಸಿದ ಮೇಲೆ ಅವನನ್ನು ಹುಡುಕಬೇಕು, ಕ್ಷಮೆ ಕೇಳಬೇಕು ಎಂದುಕೊಳ್ಳುತ್ತಾ ಓಡಿದಳು.

ಮುಗಿಯುವವರೆಗೂ ಕಾಯಬೇಕಾಗಲಿಲ್ಲ. ಮೂವತ್ತನಾಲ್ಕನೇ ಕಿಲೋಮೀಟರಿನ ಫಲಕದ ಕೆಳಗೆ, ಒಂದು ಶೂ ಬಿಚ್ಚಿಟ್ಟು, ಮೀನಖಂಡ ಹಿಡಿದುಕೊಂಡು ಅವನು ಕೂತಿದ್ದ.

ಮೇಷ್ಟ್ರು ಹೇಳಿದ್ದೇ ಆಗಿತ್ತು. ಅವಳ ವೇಗಕ್ಕೇ ಪಳಗಿದ ಕಾಲುಗಳು ಅವು. ಅವಳು ಬರುವುದು ನಿಂತ ಮೇಲೆ ಅವನು ನೆಟ್ಟಗೆ ಓಡಿರಲೂ ಇಲ್ಲ. ಇವತ್ತು ತನ್ನ ಮೇಲಿನ ಸಿಟ್ಟಿಗೆ ವೇಗದವರ ಜೊತೆ ಇಪ್ಪತ್ತೈದು ಕಿಲೋಮೀಟರ್ ಹಾರಿ ಹೋಗಿ, ಆಮೇಲೆ ಕುಂಟುತ್ತಾ ಇಲ್ಲಿಗೆ ಬಂದು ಬಿದ್ದಿದ್ದ.

"ನಿಲ್ಲಬೇಡಿ," ಎಂದ ಅವಳನ್ನು ಕಂಡು. "ಟೈಮ್ ಇದೆ ನಿಮಗೆ. ಹೋಗಿ."

ಅವಳು ಗಡಿಯಾರ ನೋಡಿಕೊಂಡಳು. ಇನ್ನು ಎಂಟು ಕಿಲೋಮೀಟರ್, ಒಂದು ಗಂಟೆ ಹತ್ತು ನಿಮಿಷ. ನಿಲ್ಲದೆ ಓಡಿದರೆ ಹೇಗೋ ಮುಟ್ಟಬಹುದು. ನಿಂತರೆ ಇಲ್ಲ.

ಅವಳು ಹೋದಳು. ಹೌದು, ಹೋದಳು, ಬೈದುಕೊಳ್ಳಬೇಡಿ. ಆ ಒಂದು ಹೊತ್ತಿಗಾಗಿ ಅವಳು ಐದು ತಿಂಗಳು ಸವೆದಿದ್ದಳು.

ನೂರು ಹೆಜ್ಜೆ ಹೋಗಿರಬಹುದು. ಅಣ್ಣ ನೆನಪಾದ. ನಾಲ್ಕಕ್ಕೆ ಸರಿಯಾಗಿ ಎದ್ದು, ಅಮ್ಮನ ಹೊದಿಕೆ ಸರಿಮಾಡಿ, ಬಾಗಿಲು ಮುಂದೆಳೆದುಕೊಂಡು ಹೋಗಿರಬೇಕು ಅವನು. ಅವನಿಗೂ ಎಲ್ಲೋ ಹೊತ್ತಿಗೆ ಸರಿಯಾಗಿ ತಲುಪಬೇಕಿತ್ತು. ಅವಳ ಕಾಲುಗಳು ತಾವಾಗಿಯೇ ನಿಂತವು.

ಹಿಂದಿರುಗಿ ಬಂದು, ನೆಲದ ಮೇಲೆ ಕೂತು, ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬೆರಳುಗಳನ್ನು ಹಿಂದಕ್ಕೆ ಒತ್ತತೊಡಗಿದಳು. ಅವನು ನೋವಿಗೆ ಹಲ್ಲು ಕಚ್ಚಿದ.

"ಯಾಕೆ ಬಂದ್ರಿ? ತಡ ಆಗುತ್ತೆ."

ಅವಳು ಹೇಳಿದಳು. ಫ್ರಿಜ್ಜಿನ ಹಾಳೆ, ಗಿರಾಕಿಯ ಕನ್ನಡಕ, ಆ ನಲವತ್ತು ನಿಮಿಷ, ಎಲ್ಲ. ಅಣ್ಣನಿಗೂ ಹೇಳದ್ದನ್ನು ರಸ್ತೆಯ ಮೇಲೆ ಕೂತು ಅವನಿಗೆ ಹೇಳಿದಳು. ಬೇರೆ ಯಾರಾದರೂ ಆಗಿದ್ದರೆ ನಿನ್ನ ತಪ್ಪಲ್ಲ ಬಿಡು ಎನ್ನುತ್ತಿದ್ದರು. ಅವನು ಹಾಗನ್ನಲಿಲ್ಲ.

"ಅದನ್ನ ಸರಿ ಮಾಡೋಕೆ ನನ್ನ ಕೈಲಾಗಲ್ಲ," ಎಂದ. "ಯಾರ ಕೈಲೂ ಆಗಲ್ಲ. ಆದ್ರೆ ನೀವು ಒಬ್ಬರೇ ಇಟ್ಕೊಂಡಿರಬೇಡಿ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮ ಹೋದ ದಿನವೂ ಹಾಗೆ ಅತ್ತಿರಲಿಲ್ಲ.

"ಸಿಸ್ಟರ್ ಎಲ್ಲಾ ಹೇಳಿದ್ರು," ಎಂದಳು ಮುಖ ಒರೆಸಿಕೊಂಡು. "ಯಾಕೆ ತಗೊಂಡ್ರಿ ಎಲ್ಲರ ಪಾಳಿ?"

"ಮೊದಲ ವಾರ ಅದು ಡ್ಯೂಟಿನೇ. ಸುಳ್ಳು ಹೇಳಲ್ಲ. ಎರಡನೇ ವಾರ..."

ಅಷ್ಟರಲ್ಲಿ ಹಿಂದೆ ಬಿದ್ದವರನ್ನು ಹತ್ತಿಸಿಕೊಳ್ಳುವ ವ್ಯಾನು ಬಂದು ಹಾರನ್ ಹೊಡೆಯಿತು. ಒಳಗೆ ಸಿಸ್ಟರ್ ಬಾಳೆಹಣ್ಣು ತಿನ್ನುತ್ತಾ ಕೂತಿದ್ದಳು. ಇವರಿಬ್ಬರನ್ನೂ ನೋಡಿ, ಹತ್ತಿ ಎಂದು ಕರೆಯದೆ ಮುಖ ಆ ಕಡೆ ತಿರುಗಿಸಿಕೊಂಡಳು. ಡ್ರೈವರು ಇಬ್ಬರ ಎದೆಯ ಮೇಲಿನ ನಂಬರ್ ಚೀಟಿಗಳನ್ನು ಬಿಚ್ಚಿಸಿಕೊಂಡು, ಇನ್ನು ಫುಟ್‌ಪಾತಿನ ಮೇಲೆ ನಡೆಯಿರಿ ಎಂದು ಹೇಳಿ ಹೊರಟುಹೋದ.

ನಡೆದರು. ಅವನ ತೋಳು ಅವಳ ಹೆಗಲ ಮೇಲೆ. ಒಂದೊಂದು ಕಿಲೋಮೀಟರಿಗೂ ಇಪ್ಪತ್ತು ನಿಮಿಷ. ಅವರ ಹಿಂದೆಯೇ ರಸ್ತೆ ತೆರೆದು ಬಸ್ಸುಗಳು ಓಡಾಡತೊಡಗಿದವು. ಅವರು ತಲುಪುವಷ್ಟರಲ್ಲಿ ಗುರಿಯಲ್ಲಿ ಕಟ್ಟಿದ್ದ ಕಮಾನು ಬಿಚ್ಚಿಯಾಗಿತ್ತು. ಇಬ್ಬರು ಕೆಲಸಗಾರರು ಖಾಲಿ ಬಾಟಲಿಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಮೇಷ್ಟ್ರು ಒಬ್ಬರೇ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ದೇಣಿಗೆ ಕೊಡುತ್ತೇವೆಂದವರು ಕೊಡುತ್ತಾರೆ, ಆದರೆ ಓಟ ಮುಗಿಸಿದವರ ಪಟ್ಟಿಯಲ್ಲಿ ನಿಮ್ಮಿಬ್ಬರ ಹೆಸರು ಬರುವುದಿಲ್ಲ ಎಂದು ಹೇಳಿ, ನೀರು ತರುತ್ತೇನೆಂದು ಎದ್ದು ಹೋದರು.

ಇಬ್ಬರೂ ಅಲ್ಲೇ ನೆಲದ ಮೇಲೆ ಕುಸಿದರು.

ಅವಳು ಮತ್ತೆ ತಡವಾಗಿ ತಲುಪಿದ್ದಳು. ಅಮ್ಮನ ಹೆಸರಿನಲ್ಲಿ ತನಗೆ ತಾನೇ ಕೊಟ್ಟುಕೊಂಡ ಮಾತು ಉಳಿದಿರಲಿಲ್ಲ. ಆ ಸಂಕಟ ಎದೆಯಲ್ಲಿ ಹಾಗೇ ಇತ್ತು, ನಾಳೆಯೂ ಇರುತ್ತದೆ. ಆದರೆ ಇವತ್ತು ತಡವಾದದ್ದು ಒಬ್ಬರನ್ನು ಬಿಟ್ಟುಹೋಗದೆ ಇದ್ದದ್ದಕ್ಕೆ. ಇದನ್ನು ಕೇಳಿದ್ದರೆ ಅಮ್ಮ ಏನೆನ್ನುತ್ತಿದ್ದಳೋ... ಬೈಯುತ್ತಿರಲಿಲ್ಲ ಎಂದಷ್ಟೇ ಅವಳಿಗೆ ಅನ್ನಿಸಿತು.

"ಎದ್ದೇಳೋಕೆ ಆಗುತ್ತಾ?" ಅವನು ಕೇಳಿದ.

"ಇಲ್ಲ. ನಿಮಗೆ?"

"ನನಗೂ ಇಲ್ಲ."

"ಹಾಗಾದ್ರೆ ಕೂತ್ಕೊಂಡೇ ಹೇಳಿ. ವ್ಯಾನ್ ಬಂತು ಅಂತ ನಿಲ್ಲಿಸಿದ್ರಲ್ಲ."

ಅವನು ನೋವಿನ ಕಾಲು ಮುಂದಕ್ಕೆ ಚಾಚಿಕೊಂಡ.

"ಎರಡನೇ ವಾರ ಅಲಾರಂ ಹೊಡೆಯೋ ಮುಂಚೆನೇ ಎಚ್ಚರ ಆಗೋಯ್ತು. ನೀವು ಬರ್ತೀರೋ ಇಲ್ವೋ ಅಂತ ಭಯ. ಪ್ರತಿ ವಾರಾನೂ ಅದೇ. ಆಮೇಲೆ ನೀವು ನಿಜವಾಗ್ಲೂ ಬರಲಿಲ್ಲ." ಅವನು ತಲೆಯೆತ್ತಿ ಅವಳನ್ನು ನೋಡಿದ. "ನನಗೆ ನೀವು ಬೇಕು. ಇಷ್ಟೇ ನನಗೆ ಹೇಳೋಕೆ ಬರೋದು."

ಅವಳು ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಬರ್ತೀನಿ," ಎಂದಳು. "ಆದ್ರೆ ಒಂದೊಂದು ಸಲ ತಡ ಆಗುತ್ತೆ ನನಗೆ."

"ಆಗಲಿ. ನಾನು ಎದ್ದು ಹೋಗಲ್ಲ."