ಮೂರುರಸ್ತೆಯ ಪೊಲೀಸಪ್ಪ

ಸೋಮವಾರ ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಖಾಸಗಿ ಬಸ್ಸಿನ ಮಾಲೀಕನೊಬ್ಬ ಠಾಣೆಗೆ ಬಂದ. ಬಂದ ಎನ್ನುವುದಕ್ಕಿಂತ ನುಗ್ಗಿದ ಎನ್ನಬೇಕು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಿಮ್ಮ ಪೊಲೀಸು ನನ್ನ ಬಸ್ಸಿನ ಕೀ ಕಿತ್ಕೊಂಡಿದಾನೆ ಮೇಡಂ. ಮೂರುರಸ್ತೆ ಹತ್ರ, ಎಂಟೂ ನಲವತ್ತಕ್ಕೆ. ಇಪ್ಪತ್ತು ನಿಮಿಷ ಬಸ್ಸು ಅಲ್ಲೇ ನಿಂತಿತ್ತು."

ಇನ್‌ಸ್ಪೆಕ್ಟರ್ ಈ ಠಾಣೆಗೆ ವರ್ಗವಾಗಿ ಬಂದು ಮೂರೇ ವಾರ. ಯಾವ ಕಡತ ಯಾವ ಕಪಾಟಿನಲ್ಲಿದೆ ಎಂದು ಇನ್ನೂ ಆಕೆಗೆ ಪೂರ್ತಿ ಗೊತ್ತಿರಲಿಲ್ಲ.

"ಯಾಕೆ ಕಿತ್ಕೊಂಡ?"

"ಶಾಲೆ ಮಕ್ಕಳು ದಾಟ್ತಿದ್ವಂತೆ."

"ನಿಮ್ಮ ಡ್ರೈವರ್ ನಿಲ್ಲಿಸ್ಲಿಲ್ವಾ?"

"ಎಲ್ಲರಿಗೂ ನಿಲ್ಲಿಸ್ತಾ ಕೂತ್ರೆ ಟೈಮಿಗೆ ಹೋಗೋದು ಹೇಗೆ?"

"ರಸೀದಿ ಕೊಟ್ನಾ? ದುಡ್ಡು ಕೇಳಿದ್ನಾ?"

"ಅದೇ ಅಲ್ವಾ ನನ್ನ ಅನುಮಾನ! ಕೇಳ್ಲಿಲ್ಲ. ನಮ್ಮ ಡ್ರೈವರ್ ತಾನಾಗೇ ಕೊಡೋಕೆ ಹೋದ್ರೂ ಮುಟ್ಲಿಲ್ಲ. ಇಪ್ಪತ್ತೆರಡು ವರ್ಷದಿಂದ ಬಸ್ಸು ಓಡಿಸ್ತಿದೀನಿ ಮೇಡಂ. ಬರ್ದಿಟ್ಕೊಳ್ಳಿ, ಅವನು ಪೊಲೀಸಲ್ಲ."

ಆಚೆ ಕೋಣೆಯಲ್ಲಿ ಯಾರೋ ಕೆಮ್ಮಿದರು. ಇನ್‌ಸ್ಪೆಕ್ಟರ್‌ಗೆ ಸಿಟ್ಟು ಬರಬೇಕಾಗಿತ್ತು, ನಗು ಬಂತು. ಆಮೇಲೆ ನಾಚಿಕೆಯೂ ಆಯಿತು, ಯಾಕೆಂದರೆ ಆ ಮನುಷ್ಯ ತಮಾಷೆಗೆ ಹೇಳಿರಲಿಲ್ಲ.

ಕರ್ತವ್ಯದ ಪಟ್ಟಿ ತರಿಸಿದಳು. ಮೂರುರಸ್ತೆಗೆ ಎಂಟು ತಿಂಗಳಿಂದ ಯಾರನ್ನೂ ಹಾಕಿರಲಿಲ್ಲ. 'ಸಿಬ್ಬಂದಿ ಕೊರತೆ' ಎಂದು ಪ್ರತಿ ತಿಂಗಳೂ ಒಂದೇ ಕೈಬರಹದಲ್ಲಿ ಬರೆದಿತ್ತು. ಬಸ್ಸಿನವನ ಮಾತು ನಿಜವಾಯಿತು. ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು: ಅಪರಿಚಿತ ವ್ಯಕ್ತಿ, ಸಮವಸ್ತ್ರ ಧರಿಸಿ ಸರ್ಕಾರಿ ನೌಕರನಂತೆ ನಟಿಸಿದ ಆರೋಪ.

ಬರೆದುಕೊಂಡವನು ಠಾಣೆಯ ರೈಟರ್, ಅಂದರೆ ಬರವಣಿಗೆಯ ಮೇಜಿನ ಕಾನ್‌ಸ್ಟೇಬಲ್. ಹೊಟ್ಟೆಯ ದೆಸೆಯಿಂದ ಅವನನ್ನು ಠಾಣೆಯಲ್ಲಿ ಎಲ್ಲರೂ ಗುಡಾಣ ಎನ್ನುತ್ತಿದ್ದರು. ಕರೆದರೆ ಅವನೂ ಓ ಎನ್ನುತ್ತಿದ್ದ. ಮೊದಲು ರಸ್ತೆಯ ಡ್ಯೂಟಿಯಲ್ಲಿದ್ದವನು, ಈಗ ಮೇಜಿಗೆ ಅಂಟಿಕೊಂಡಿದ್ದ.

"ನಡಿ, ಸ್ಥಳ ನೋಡ್ಕೊಂಡು ಬರೋಣ."

"ನಾನಾ ಮೇಡಂ? ಮಂಡಿ ನೋವು..."

"ಜೀಪಿದೆ, ನಡಿ."

ಮೂರುರಸ್ತೆ ಠಾಣೆಯಿಂದ ಎರಡು ತಿರುವು ಅಷ್ಟೇ. ಸಿಗ್ನಲ್ ಕಂಬದಲ್ಲಿ ಹಳದಿ ದೀಪ ಮಾತ್ರ ಮಿಣುಕುತ್ತಿತ್ತು. 'ಶಾಲೆ ಇದೆ, ನಿಧಾನ' ಎಂಬ ಫಲಕದ ಮೇಲೆ ಯಾರೋ ಮಂಚದ ಜಾಹೀರಾತು ಕಟ್ಟಿ, 'ನಿಧಾನ' ಮಾತ್ರ ಉಳಿಸಿದ್ದರು. ಅವರು ನಿಂತ ಐದು ನಿಮಿಷದಲ್ಲಿ ನಾಲ್ಕು ಬೈಕು ಎದುರು ದಿಕ್ಕಿನಿಂದ ಬಂದವು. ಒಂದರ ಮೇಲೆ ಇಡೀ ಸಂಸಾರವಿತ್ತು, ಹೆಲ್ಮೆಟ್ ಕೈಗೆ ನೇತುಹಾಕಿತ್ತು. ಪೊಲೀಸ್ ಜೀಪು ನೋಡಿ ಒಬ್ಬನೂ ವೇಗ ತಗ್ಗಿಸಲಿಲ್ಲ.

ರಸ್ತೆಗೆ ಹಿಂದೆಂದೋ ಬಳಿದ ಬಿಳಿ ಪಟ್ಟಿ ಸವೆದು ಹೋಗಿತ್ತು. ಅದೇ ಜಾಗದಲ್ಲಿ ಈ ಅಂಚಿನಿಂದ ಆ ಅಂಚಿಗೆ ನೇರವಾಗಿ ಒಂದು ನೀಲಿ ಗೆರೆ ಇತ್ತು. ಇನ್‌ಸ್ಪೆಕ್ಟರ್ ಬಗ್ಗಿ ನೋಡಿದಳು. ಗೆರೆಯ ತುದಿಯಲ್ಲಿ ಬೆರಳಗಲದ ಚಪ್ಪಟೆ ತುಣುಕೊಂದು ಬಿದ್ದಿತ್ತು.

"ಮಕ್ಕಳ ಚಾಕ್‌ಪೀಸ್ ಇರ್ಬೇಕು ಮೇಡಂ," ಎಂದ ಗುಡಾಣ, ಕೇಳದೆಯೇ.

ಆಕೆಯ ಅಮ್ಮ ಬಟ್ಟೆ ಹೊಲಿದು ಮಕ್ಕಳನ್ನು ಓದಿಸಿದವಳು. ಇಂಥ ಚಪ್ಪಟೆ ಸೀಮೆಸುಣ್ಣದಿಂದ ಬಟ್ಟೆಯ ಮೇಲೆ ಗೆರೆ ಎಳೆಯುವುದನ್ನು ನೋಡುತ್ತಲೇ ಇನ್‌ಸ್ಪೆಕ್ಟರ್ ಅಕ್ಷರ ಕಲಿತಿದ್ದಳು. ತುಣುಕನ್ನು ಲಕೋಟೆಗೆ ಹಾಕಿದಳು.

ಮೂಲೆಯಲ್ಲಿ ಟೀ ಮಾರುವ ಹೆಂಗಸು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. "ನಮ್ಮ ಪೊಲೀಸಪ್ಪನ ಮೇಲೆ ಕಂಪ್ಲೇಂಟಾ? ಮಕ್ಕಳೆಲ್ಲ ಪೊಲೀಸಪ್ಪ ಪೊಲೀಸಪ್ಪ ಅಂತ ಕೈ ಹಿಡ್ಕೊಂಡು ದಾಟ್ತವೆ. ಐದು ತಿಂಗಳಾಯ್ತು, ಒಂದು ದಿನ ರಜೆ ಹಾಕಿಲ್ಲ."

"ನೋಡೋಕೆ ಹೇಗಿದ್ದಾನೆ?"

"ಯೂನಿಫಾರಂ ಅಂದ್ರೆ ಯೂನಿಫಾರಂ! ಮೈಗೆ ಎರಕ ಹೊಯ್ದಂಗಿದೆ. ನಿಮ್ಮೋರದ್ದು ಯಾರದ್ದಾದ್ರೂ ಹಾಗೆ ಕೂರುತ್ತಾ, ನೀವೇ ಹೇಳಿ." ಹೇಳುತ್ತ ಹೇಳುತ್ತ ಗುಡಾಣನ ಅಂಗಿಯ ಗುಂಡಿಗಳ ನಡುವಿನ ಸಂದನ್ನು ನೋಡಿದಳು.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಅಪಘಾತದ ವಹಿ ತೆರೆದಳು. ಪೊಲೀಸಪ್ಪ ಬರುವುದಕ್ಕೆ ಹಿಂದಿನ ಒಂದು ವರ್ಷದಲ್ಲಿ ಮೂರುರಸ್ತೆಯಲ್ಲಿ ಹನ್ನೊಂದು ಅಪಘಾತ. ಈ ಐದು ತಿಂಗಳಲ್ಲಿ ಒಂದೂ ಇಲ್ಲ. ಎಂಟು ತಿಂಗಳ ಹಿಂದಿನ ಪುಟದಲ್ಲಿ ಒಂದು ಸಾವು. ಮಕ್ಕಳನ್ನು ರಸ್ತೆ ದಾಟಿಸುತ್ತಿದ್ದ ಶಾಲೆಯ ಆಯಾ, ವಯಸ್ಸು ಐವತ್ತೆಂಟು, ಎದುರು ದಿಕ್ಕಿನಿಂದ ಬಂದ ಮರಳು ಲಾರಿ. ವರದಿಯ ಕೊನೆಯ ಸಾಲು: 'ಕರ್ತವ್ಯನಿರತ ಕಾನ್‌ಸ್ಟೇಬಲ್ ಕೈ ಅಡ್ಡ ಮಾಡಿದರೂ ಲೆಕ್ಕಿಸದೆ ಸದರಿ ಮಹಿಳೆ ರಸ್ತೆಗೆ ಇಳಿದಿರುತ್ತಾರೆ.' ಆ ಒಂದು ಸಾಲಿನಿಂದ ಲಾರಿಯವನು ಪಾರಾಗಿದ್ದ. ತಪ್ಪೆಲ್ಲ ಸತ್ತವಳ ತಲೆಗೆ.

ಕಾನ್‌ಸ್ಟೇಬಲ್ ಯಾರೆಂದು ಕೆಳಗೆ ಸಹಿ ಇತ್ತು. ಆಕೆ ಗುಡಾಣನನ್ನು ಕರೆದಳು.

"ಆವತ್ತು ಅಲ್ಲಿ ನೀನಿದ್ದೆಯಾ?"

"ಹೂಂ ಮೇಡಂ."

"ಕೈ ಅಡ್ಡ ಮಾಡಿದ್ರೂ ಆಯಮ್ಮ ಇಳಿದ್ಲಾ?"

"ಅದ್ರಲ್ಲಿ ಬರ್ದಿದೆಯಲ್ಲ ಮೇಡಂ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗುಡಾಣ ಹೆಗಲು ಮುಟ್ಟಲಿಲ್ಲ, ಬೆಲ್ಟು ಸರಿಮಾಡಿಕೊಂಡ. ಇನ್‌ಸ್ಪೆಕ್ಟರ್ ಅದನ್ನು ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡಳು.

ಮಂಗಳವಾರ ಬೆಳಗ್ಗೆ ಎಂಟು ಐದು. ಇಬ್ಬರೂ ಮಫ್ತಿಯಲ್ಲಿ ಟೀ ಅಂಗಡಿಯ ಬೆಂಚಿನ ಮೇಲೆ ಕೂತರು. ಎಂಟು ಹತ್ತಕ್ಕೆ ಅವನು ಬಂದ. ಐವತ್ತರ ಆಸುಪಾಸಿನ ಸಣಕಲು ಮನುಷ್ಯ, ಖಾಕಿ ಅಂಗಿಗೆ ಗರಿಗರಿ ಇಸ್ತ್ರಿ. ಮೊದಲು ಜೇಬಿನಿಂದ ನೀಲಿ ಸೀಮೆಸುಣ್ಣ ತೆಗೆದು, ಎರಡೂ ಕಡೆ ನೋಡಿ, ಬಗ್ಗಿ ಗೆರೆ ಎಳೆದ. ಆಮೇಲೆ ರಸ್ತೆಯ ನಡುವೆ ನಿಂತ.

ಗುಡಾಣ ಟೀ ಲೋಟವನ್ನು ಬೆಂಚಿನ ಮೇಲಿಟ್ಟ. ಮತ್ತೆ ಎತ್ತಲಿಲ್ಲ.

ಎಂಟೂ ಮೂವತ್ತೈದಕ್ಕೆ ಮರಳು ಲಾರಿಯೊಂದು ಭೋರೆಂದು ಇಳಿಜಾರಿನಲ್ಲಿ ಬಂತು. ಮಕ್ಕಳು ಆಗಲೇ ಅರ್ಧ ರಸ್ತೆಯಲ್ಲಿದ್ದವು. ಆ ಸಣಕಲು ಮನುಷ್ಯ ಓಡಲಿಲ್ಲ, ಕೂಗಲಿಲ್ಲ. ಗೆರೆಯ ಮೇಲೆ ಹೋಗಿ ನಿಂತು ಅಂಗೈ ಎತ್ತಿದ. ಬ್ರೇಕು ಕಿರುಚಿ, ಲಾರಿಯ ಮೂತಿ ಅವನಿಂದ ಒಂದು ಮೊಳದ ದೂರದಲ್ಲಿ ನಿಂತಿತು. ಇನ್‌ಸ್ಪೆಕ್ಟರ್ ಎದ್ದೇಬಿಟ್ಟಿದ್ದಳು. ಕೊನೆಯ ಮಗುವೊಂದು ಬಾಟಲಿ ಬೀಳಿಸಿಕೊಂಡು, ಹೆಕ್ಕಿಕೊಂಡು, ಅವನಿಗೆ ಟಾಟಾ ಮಾಡಿ ದಾಟಿತು.

"ಈಗ ಹಿಡಿಯೋಣ್ವಾ ಮೇಡಂ?" ಎಂದ ಗುಡಾಣ.

"ಶಾಲೆ ಗಂಟೆ ಹೊಡೀಲಿ."

ಒಂಬತ್ತು ಇಪ್ಪತ್ತಕ್ಕೆ ಆ ಮನುಷ್ಯ ಸೀಟಿಯನ್ನು ಜೇಬಿಗೆ ಹಾಕಿಕೊಂಡು ಹೊರಟ. ಇವರು ಹಿಂದೆ ಹೋದರು. ಎರಡು ತಿರುವು ದಾಟಿ ಅವನು ಹೊಕ್ಕದ್ದು ಠಾಣೆಯ ಹಿಂಬದಿಯ ಓಣಿ! ದೀಪದ ಬುಡ ಕತ್ತಲು ಎಂದು ಸುಮ್ಮನೆ ಹೇಳಿಲ್ಲ ಹಿರಿಯರು. ಓಣಿಯ ಕೊನೆಗೆ ದರ್ಜಿ ಅಂಗಡಿ. ಠಾಣೆಯ ಅರ್ಧ ಜನರ ಖಾಕಿ ಅಲ್ಲೇ ನೇತಾಡುತ್ತಿತ್ತು. ಬೆಳಗ್ಗೆ ಎಂಟರಿಂದ ಒಂಬತ್ತೂವರೆ ಠಾಣೆಯಲ್ಲಿ ಹಾಜರಿಯ ಹೊತ್ತು, ಯಾರೂ ಮೂರುರಸ್ತೆಗೆ ಹೋಗುವುದಿಲ್ಲ. ಅಪರೂಪಕ್ಕೆ ಜೀಪಿನಲ್ಲಿ ಹಾದುಹೋದವರು ನಮ್ಮವನೇ ಯಾರೋ ಎಂದುಕೊಂಡಿದ್ದರು.

ಇವರು ಒಳಗೆ ಹೋದಾಗ ದರ್ಜಿ ಆಗಲೇ ಬಟ್ಟೆ ಬದಲಿಸಿ, ಕೊರಳಿಗೆ ಟೇಪು ಹಾಕಿಕೊಂಡು ಮಷೀನು ತುಳಿಯುತ್ತಿದ್ದ. ಖಾಕಿ ಜೋಡಿ ಗೋಡೆಯ ಮೊಳೆಯಲ್ಲಿತ್ತು.

"ಯಾರದು ಈ ಯೂನಿಫಾರಂ?"

"ನಾನೇ ಹೊಲ್ದಿದ್ದು."

"ಹಾಕ್ಕೊಂಡು ನಿಂತಿದ್ದೂ ನೀನೇ?"

"ಹೌದು ಮೇಡಂ." ದರ್ಜಿ ಮಷೀನು ನಿಲ್ಲಿಸಿದ. "ಬನ್ನಿ ಅಂತ ಎಂಟು ತಿಂಗಳಿಂದ ಕಾಯ್ತಿದ್ದೆ. ಈಗ ಬಂದ್ರಿ."

ಒಂಬತ್ತೂ ಐವತ್ತಕ್ಕೆ ಪಂಚನಾಮೆ ಶುರುವಾಯಿತು. ಎದುರು ಅಂಗಡಿಯ ಹೆಂಗಸರ ಬಟ್ಟೆಯ ದರ್ಜಿಯನ್ನೂ ಟೀ ಅಂಗಡಿಯವಳನ್ನೂ ಪಂಚರಾಗಿ ಕರೆಸಿದರು. ಬರೆಯಲು ಕೂತವನು ಗುಡಾಣ. ಖಾಕಿ ಪ್ಯಾಂಟನ್ನು ಕೈಗೆ ಕೊಟ್ಟಾಗ ಎದುರು ಅಂಗಡಿಯವನು ಅಭ್ಯಾಸಬಲದಿಂದ ಅದರ ಒಳಮಗ್ಗುಲು ಹೊರಗೆ ಮಾಡಿ, ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದ.

"ಇದು ಇವನ ಅಳತೆಗೆ ಹೊಲ್ದಿದ್ದಲ್ಲ ಮೇಡಂ. ನೋಡಿ, ಹಳೇ ಹೊಲಿಗೆ ಬಿಚ್ಚಿದ ತೂತು ಇಲ್ಲಿದೆ. ಮೊದಲು ಸೊಂಟ ನಲವತ್ತೆರಡು ಇತ್ತು. ಆಮೇಲೆ ಮೂವತ್ತಕ್ಕೆ ಇಳಿಸಿದ್ದಾನೆ."

"ನಲವತ್ತೆರಡು ಯಾರದು?" ಎಂದಳು ಇನ್‌ಸ್ಪೆಕ್ಟರ್.

ದರ್ಜಿ ತಲೆ ಬಗ್ಗಿಸಿದ. "ಗಿರಾಕಿ ಅಳತೆ ಹೊರಗೆ ಹೇಳ್ಬಾರ್ದು ಮೇಡಂ. ನಮ್ಮ ಕಸುಬು."

"ಬರ್ಕೋ," ಎಂದಳು ಆಕೆ ಗುಡಾಣನಿಗೆ. "ಸೊಂಟ ನಲವತ್ತೆರಡು ಅಂಗುಲ."

ಪೆನ್ನು ನಿಂತಿತು. ಗುಡಾಣ 'ಸೊಂಟ' ಎಂದು ಬರೆದಿದ್ದ, ಮುಂದೆ ಕೈ ಓಡಲಿಲ್ಲ. ಟೀ ಅಂಗಡಿಯವಳು ಅವನ ಹೊಟ್ಟೆಯನ್ನೂ ಪ್ಯಾಂಟನ್ನೂ ಒಂದೊಂದು ಸಲ ನೋಡಿದಳು.

"ನಂದೇ ಮೇಡಂ," ಎಂದ ಗುಡಾಣ. "ಆವತ್ತು ನಾನು ಮೂರುರಸ್ತೇಲಿ ಇರ್ಲಿಲ್ಲ. ಇಲ್ಲಿದ್ದೆ. ಇದನ್ನೇ ಹಾಕ್ಕೊಂಡು ಕನ್ನಡಿ ಮುಂದೆ ನಿಂತಿದ್ದೆ."

ಅಳತೆಯ ಪುಸ್ತಕವನ್ನು ದರ್ಜಿಯೇ ತೆಗೆದುಕೊಟ್ಟ. ಆಯಾ ಸತ್ತ ತಾರೀಖು, ಗುಡಾಣನ ಹೆಸರು, 'ಟ್ರಯಲ್, ಬೆಳಗ್ಗೆ ಎಂಟೂವರೆ'. ಪುಸ್ತಕವೂ ಪಂಚನಾಮೆಗೆ ಸೇರಿತು.

ಹನ್ನೊಂದೂವರೆಗೆ ಠಾಣೆಯಲ್ಲಿ ಹೇಳಿಕೆ. ದರ್ಜಿಯ ದನಿಯಲ್ಲಿ ಅಳು ಇರಲಿಲ್ಲ, ಆದರೆ ಬೆರಳುಗಳು ಇಲ್ಲದ ದಾರವನ್ನು ಹೊಸೆಯುತ್ತಲೇ ಇದ್ದವು.

"ಇವನು ಸಂಜೆ ಬರ್ತೀನಿ ಅಂದಿದ್ದ ಮೇಡಂ. ಸಂಜೆ ನಾನಿರಲ್ಲ, ಈಗ್ಲೇ ಬಾ, ಐದೇ ನಿಮಿಷ ಅಂದೋನು ನಾನು. ಬಂದ. ಕಂಕುಳ ಹತ್ರ ಬಿಗಿ ಇತ್ತು. ಹೋಗ್ತೀನಿ ಅಂದ್ರೂ ಬಿಡ್ಲಿಲ್ಲ, ಇನ್ನೈದು ನಿಮಿಷ ಅಂದೆ. ಬ್ರೇಕಿನ ಸದ್ದು ಬಂದಾಗ ನನ್ನ ಬಾಯಲ್ಲಿ ಗುಂಡುಸೂಜಿ ಇತ್ತು."

"ಠಾಣೆಗೆ ಬಂದು ಹೇಳ್ಲಿಲ್ವಾ?"

"ಮೂರು ಸಲ ಬಂದೆ. ಆಯಮ್ಮ ತಾನಾಗಿ ನುಗ್ಗಲಿಲ್ಲ, ತಡೆಯೋಕೆ ಅಲ್ಲಿ ಯಾರೂ ಇರ್ಲಿಲ್ಲ, ಪೊಲೀಸು ನನ್ನ ಅಂಗಡೀಲಿದ್ದ ಅಂದೆ. ಹಿಂದಿನ ಸಾಹೇಬ್ರು, ನೀನು ಬಟ್ಟೆ ಹೊಲಿ, ಕೇಸು ನಾವು ನೋಡ್ಕೋತೀವಿ ಅಂದ್ರು. ಆ ಜಾಗಕ್ಕೆ ಬೇರೆ ಯಾರ್ನಾದ್ರೂ ಹಾಕ್ತಾರೇನೋ ಅಂತ ಮೂರು ತಿಂಗಳು ನೋಡ್ದೆ. ಆಮೇಲೆ ಮತ್ತೊಂದು ಮಗು ಸ್ವಲ್ಪದರಲ್ಲಿ ತಪ್ಪಿಸ್ಕೊಳ್ತು. ಆವತ್ತು ರಾತ್ರಿ, ಇವನು ಬಿಟ್ಟುಹೋಗಿದ್ದ ಈ ಬಟ್ಟೆ ಬಿಚ್ಚಿ ನನ್ನ ಅಳತೆಗೆ ಹೊಲ್ಕೊಂಡೆ. ನಾನು ಅಲ್ಲಿಂದ ಒಬ್ಬ ಪೊಲೀಸನ್ನ ಕಿತ್ಕೊಂಡಿದ್ದೆ ಮೇಡಂ. ಒಬ್ಬನ್ನ ವಾಪಸ್ ಇಡ್ಬೇಕಿತ್ತು."

ಬಿಟ್ಟುಬಿಡೋಣ ಎಂದು ಇನ್‌ಸ್ಪೆಕ್ಟರ್‌ಗೆ ಎನಿಸಿದ್ದು ನಿಜ. ಒಂದು ಸುಳ್ಳು ಸಾಲಿನಿಂದ ಇಷ್ಟೆಲ್ಲ ಆಗಿರುವಾಗ ಇನ್ನೊಂದು ಸುಳ್ಳು ಬರೆಯುವುದು ಹೇಗೆ? ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ದರ್ಜಿಯ ಬಂಧನ ದಾಖಲಾಯಿತು. ಹನ್ನೆರಡೂ ನಲವತ್ತಕ್ಕೆ ಗುಡಾಣನ ಹೇಳಿಕೆಯೂ ದಾಖಲಾಯಿತು.

"ಕೆಲಸ ಹೋಗ್ಬಹುದು, ಗೊತ್ತಾ?" ಎಂದು ಆಕೆ ಕೇಳಿದ್ದಳು.

"ಗೊತ್ತು ಮೇಡಂ. ಬರ್ಕೊಳ್ಳಿ. ನಾನು ಕೈ ಅಡ್ಡ ಮಾಡ್ಲಿಲ್ಲ. ಮಾಡೋಕೆ ಅಲ್ಲಿ ಇರ್ಲೇ ಇಲ್ಲ."

ಲಾರಿಯ ಪ್ರಕರಣವನ್ನು ಮತ್ತೆ ತೆರೆಯಲು ಅನುಮತಿ ಕೋರಿ ಆಕೆ ಮೇಲಧಿಕಾರಿಗೆ ಪತ್ರ ಬರೆದಳು. ಎರಡೂ ಹೇಳಿಕೆಗಳನ್ನು, ಅಳತೆಯ ಪುಸ್ತಕದ ಆ ಪುಟವನ್ನು ಲಗತ್ತಿಸಿದಳು. ಸಂಜೆ ಲಾಕಪ್ಪಿನ ಮುಂದೆ ಹಾದುಹೋಗುವಾಗ ದರ್ಜಿ ಒಂದೇ ಮಾತು ಕೇಳಿದ.

"ನಾಳೆ ಬೆಳಗ್ಗೆ ಅಲ್ಲಿ ಯಾರು ನಿಲ್ತಾರೆ ಮೇಡಂ?"

ಬುಧವಾರ ಎಂಟೂವರೆಗೆ ಅವನನ್ನು ನ್ಯಾಯಾಲಯಕ್ಕೆ ಕರೆದೊಯ್ಯಲು ಜೀಪು ಹೊರಟಿತು. ಮುಂದೆ ಇನ್‌ಸ್ಪೆಕ್ಟರ್, ಹಿಂದೆ ಇಬ್ಬರು ಕಾನ್‌ಸ್ಟೇಬಲ್‌ಗಳ ನಡುವೆ ದರ್ಜಿ. ಮೂರುರಸ್ತೆಯ ಹತ್ತಿರ ಬಂದಾಗ ಚಾಲಕ ರೂಢಿಯಂತೆ ಹಾರ್ನ್ ಒತ್ತಿ ನುಗ್ಗಿಸಲು ಹೋದ. ಎದುರಿಗೆ ಒಂದು ಕೈ ಎದ್ದಿತು.

ಗೆರೆಯ ಮೇಲೆ ಗುಡಾಣ ನಿಂತಿದ್ದ. ಗೆರೆ ವಕ್ರವಾಗಿತ್ತು, ಶಾಲೆಯ ಚಾಕ್‌ಪೀಸಿನಲ್ಲಿ ಎಳೆದದ್ದು. ಹಳೆಯ ಸಮವಸ್ತ್ರದ ಗುಂಡಿಗಳು ಈಗಲೋ ಆಗಲೋ ಎನ್ನುತ್ತಿದ್ದವು. ಪೊಲೀಸ್ ಜೀಪು ಎಂದು ಗೊತ್ತಿದ್ದೂ ಅವನು ಕೈ ಇಳಿಸಲಿಲ್ಲ. ಮಕ್ಕಳು ಹೊಸ ಪೊಲೀಸಪ್ಪನನ್ನು ಅನುಮಾನದಿಂದ ನೋಡುತ್ತ ಒಂದರ ಹಿಂದೆ ಒಂದು ದಾಟಿದವು.

ದರ್ಜಿ ಮುಂದಕ್ಕೆ ಬಾಗಿ ಗಾಜಿನಾಚೆ ನೋಡಿದ. ಬಹಳ ಹೊತ್ತು ನೋಡಿದ.

"ಕಂಕುಳಲ್ಲಿ ಬಿಗಿ ಆಗಿದೆ ಮೇಡಂ," ಎಂದ. "ಕೈ ಪೂರ್ತಿ ಎತ್ತೋಕೆ ಆಗ್ತಿಲ್ಲ ಅವನಿಗೆ. ನಾನು ಹೊರಗೆ ಬಂದ ಮೇಲೆ ಅಂಗಡಿಗೆ ಬರೋಕೆ ಹೇಳಿ, ಸರಿ ಮಾಡಿಕೊಡ್ತೀನಿ."

ಜೀಪು ಮುಂದೆ ಸಾಗಿದಾಗ ಮತ್ತೆ ಹೇಳಿದ.

"ಡ್ಯೂಟಿ ಮುಗಿದ ಮೇಲೆ ಬರ್ಲಿ."