ಅವನು ಮುಟ್ಟದ ಚಾಕ್‌ಪೀಸ್

"ಸರ್, ಈ ಚಾಕ್‌ಪೀಸನ್ನು ಎಲ್ಲಾದರೂ ಇಡ್ತೀರಾ? ಎಲ್ಲಿದೆ ಅಂತ ಮಕ್ಕಳು ಇಂಗ್ಲಿಷಿನಲ್ಲಿ ಹೇಳ್ತಾರೆ."

ಸುರಕ್ಷಾ ನಗುತ್ತಾ ಕೈ ಚಾಚಿದಳು. ಹೃಷಿಕೇಶ ಗಕ್ಕನೆ ಹಿಂದೆ ಸರಿದ.

"ಮುಟ್ಬೇಡಿ... ಅಲ್ಲೇ ಮೇಜಿನ ಮೇಲೆ ಇಡಿ."

ಮಕ್ಕಳು ಮುಖ ಮುಖ ನೋಡಿಕೊಂಡರು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಮುಖ್ಯೋಪಾಧ್ಯಾಯಿನಿ ಪ್ರಭಾವತಿ ಕೂಡ ತಲೆ ಎತ್ತಿ ನೋಡಿದರು.

ಕುಂಭಾಶಿಯ ಆ ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಕೆಲಸಕ್ಕೆ ಸುರಕ್ಷಾಳ ಪರೀಕ್ಷಾ ಪಾಠ ಅದು. ಕೆಲಸ ಸಿಗದಿದ್ದರೆ ಅವಳು ಬೊಂಬಾಯಿಗೆ, ಚಿಕ್ಕಪ್ಪ ಚಂದಯ್ಯನ ಹೋಟೆಲಿಗೆ ಹೋಗಬೇಕಿತ್ತು. ಈ ಖಾಲಿ ಹುದ್ದೆಯ ಸುದ್ದಿ ತಿಳಿಸಿದವನೇ ಅಲ್ಲಿ ಆಗಲೇ ಮೇಷ್ಟ್ರಾಗಿದ್ದ ಹೃಷಿಕೇಶ. ಕುಂದಾಪುರದಲ್ಲಿ ಬಿ.ಎಡ್. ಓದುವಾಗ ಪಕ್ಕದ ಬೆಂಚಿನವನು. ಇಬ್ಬರ ಮನಸ್ಸಿನಲ್ಲೂ ಏನಿದೆ ಎಂದು ಇಡೀ ಕಾಲೇಜಿಗೆ ಗೊತ್ತಿತ್ತು, ಅವರಿಬ್ಬರು ಮಾತ್ರ ಬಾಯಿ ಬಿಟ್ಟಿರಲಿಲ್ಲ. ಎಂಥ ಜೋಡಿ ನೋಡಿ!

ಇವತ್ತು ಅವನ ಮುಖದಲ್ಲಿ ಕುರುಚಲು ಗಡ್ಡ, ಕೆಂಪು ಕಣ್ಣು. ಬೆಳಗ್ಗೆಯಿಂದ ಅವಳ ಹತ್ತಿರವೂ ಸುಳಿದಿರಲಿಲ್ಲ.

ಸುರಕ್ಷಾ ಚಾಕ್‌ಪೀಸನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಮಕ್ಕಳತ್ತ ತಿರುಗಿದಳು.

"ನಾವು 'ಮೇಜಿನ ಮೇಲೆ' ಅಂತೀವಿ. ಮೊದಲು ಮೇಜು, ಆಮೇಲೆ 'ಮೇಲೆ'. ಇಂಗ್ಲಿಷಿನಲ್ಲಿ ತಿರುಗಾ ಮುರುಗಾ. 'ಆನ್' ಮೊದಲು, 'ದ ಟೇಬಲ್' ಆಮೇಲೆ. 'ಅಂಡರ್ ದ ಬೆಂಚ್', 'ವಿತ್ ಮೈ ಫ್ರೆಂಡ್', ಎಲ್ಲ ಹಾಗೇ."

"ಅಷ್ಟೇ ಹೇಳ್ರೆ ಸಾಕಾ ಟೀಚರ್?" ಒಬ್ಬಳು ಕೇಳಿದಳು.

"ಸಾಲದು. ಅದು ಬರೀ ತುಂಡು. ಕ್ರಿಯಾಪದ ಸೇರಿದರೆ ಮಾತ್ರ ವಾಕ್ಯ ಆಗ್ತದೆ."

ಪಾಠ ಹೇಗೆ ಮುಗಿಯಿತೋ ಅವಳಿಗೇ ಗೊತ್ತಿಲ್ಲ. ಹೊರಗೆ ಬರುವಾಗ ಅವನು ಏನೋ ಹೇಳಲು ಬಾಯಿ ತೆರೆದ. ಅವಳು ತಿರುಗಿಯೂ ನೋಡಲಿಲ್ಲ.

ಪಕ್ಕದ ಗುಡ್ಡದ ಮೇಲಿನ ಆನೆಗುಡ್ಡೆ ದೇವಸ್ಥಾನದಲ್ಲಿ ಅಮ್ಮ ತುಂಗಾ ಕಾಯುತ್ತಿದ್ದರು. ಪಾಠ ಮುಗಿಸಿ ಮಗಳು ನೇರ ಬಂದು ಹಣ್ಣುಕಾಯಿ ಮಾಡಿಸಬೇಕೆಂಬ ಹರಕೆ ಅವರದ್ದು. ಸುರಕ್ಷಾ ಕೈಮುಗಿದಳು, ಆದರೆ ದೇವರಲ್ಲಿ ಏನನ್ನೂ ಕೇಳಿಕೊಳ್ಳಲಿಲ್ಲ.

ಮನೆಗೆ ಮರಳುವ ತ್ರಾಸಿಯ ಬಸ್ಸಿನಲ್ಲಿ ಕೂತಾಗ ಕಣ್ಣೀರು ಬಂದೇಬಿಟ್ಟಿತು.

'ಸಾಲಿಗ್ರಾಮದ ಪೂಜೆಯವರ ಮನೆ ಹುಡುಗ... ಮೀನು ಹಿಡಿಯಲು ಬೋಟಿಗೆ ಹೋಗುವ ಪಾಂಡುವಿನ ಮಗಳ ಕೈ ಮುಟ್ಟಿದರೆ ಮೈಲಿಗೆಯಾಗುತ್ತದೆ ಅಲ್ಲವೇ? ನನ್ನ ಬುತ್ತಿಯ ಉಪ್ಪಿನಕಾಯಿ ನೆಕ್ಕುವಾಗ ಈ ಮಡಿ ಎಲ್ಲಿ ಹೋಗಿತ್ತು?'

ಅವನ ನಂಬರನ್ನು ಅಲ್ಲೇ ಬ್ಲಾಕ್ ಮಾಡಿದಳು. ಮರುದಿನ ಪ್ರಭಾವತಿ ಫೋನ್ ಮಾಡಿ, ಕೆಲಸ ನಿನಗೇ ಎಂದರು.

"ನಂಗೆ ಬೇಡ ಮೇಡಂ," ಎಂದಳು.

ತುಂಗಾ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನಿಂತರು. "ಎಂತ ಆಯ್ತ್ ಮಗಾ ನಿಂಗೆ? ಕೈಗ್ ಬಂದದ್ದನ್ನ ಯಾರಾರೂ ಬಿಡ್ತ್ರಾ?"

"ನಾನ್ ಬೊಂಬಾಯಿಗೆ ಹೋತೆ ಅಮ್ಮ. ಕೇಳ್ಬೇಡ."

ಹತ್ತು ದಿನ ಕಳೆದು ಹೊರಡುವ ದಿನವೂ ಬಂತು. ಅಪ್ಪ ಬೋಟಿಗೆ ಹೋಗಿದ್ದ. ತ್ರಾಸಿಯ ಹೆದ್ದಾರಿ ಬದಿಯಲ್ಲಿ ಸುರಕ್ಷಾ ಒಬ್ಬಳೇ ಬ್ಯಾಗ್ ಹಿಡಿದು ಬಸ್ಸಿಗೆ ಕಾಯುತ್ತಿದ್ದಳು. ಆಗ ಬೈಕೊಂದು ಬಂದು ನಿಂತಿತು.

"ಹ್ವಾಯ್, ಸುರಕ್ಷಾ... ಒಂದ್ ನಿಮಿಷ. ನೀನ್ ಇಲ್ಲಿದ್ದೆ ಅಂತ ನಿಮ್ಮಮ್ಮ ಅಂದ್ರ್."

"ದೂರ ನಿಲ್ಲಿ ಸರ್. ಮೈಲಿಗೆ ಆತ್ತ್ ನಿಮ್ಗೆ."

ಹೃಷಿಕೇಶನ ಮುಖ ಬಿಳಿಚಿತು. ಗಡ್ಡ ಈಗ ಬೋಳಿಸಿದ್ದ.

"ಮೈಲಿಗೆ ನಿಂದಲ್ಲ, ನಂದ್," ಎಂದ ಮೆಲ್ಲಗೆ. "ನಿನ್ ಪಾಠದ ಹಿಂದಿನ ದಿನ ನಮ್ಮಜ್ಜಿ ತೀರ್ಕಂಡ್ರ್. ಸೂತಕ ಇತ್ತ್."

ಅವಳ ಕೈಯಿಂದ ಬ್ಯಾಗ್ ಜಾರಿತು.

"ಮನೆಯಿಂದ ಹೊರಗೆ ಹೋಪುದ್ ಬೇಡ ಅಂದ್ರ್. ನೀನ್ ಒಬ್ಳೇ ಆತೆ ಅಂದ್ಕಂಡ್ ಬಂದೆ. ಪಾಠ ಮುಗ್ಸಿ ಸೀದಾ ಆನೆಗುಡ್ಡೆಗೆ ಹೋತೆ ಅಂತ ನೀನೇ ಮೆಸೇಜ್ ಮಾಡಿದ್ದೆ. ನಾನ್ ಮುಟ್ಟಿದ್ರೆ ನೀನ್ ಹೆಂಗೆ ದೇವಸ್ಥಾನ ಹತ್ತುದ್? ನಿಮ್ಮಮ್ಮನ ಹರಕೆ ನನ್ನಿಂದ ಕೆಡ್ಕಾ?"

"ಹೇಳುಕೆ ಎಂತ ಆಯ್ತ್ ನಿಂಗೆ?"

"ಹೇಳಿದ್ರೆ ನೀನ್ ಅಲ್ಲೇ ಅಳ್ತಿದ್ದೆ. ಪಾಠ ಯಾರ್ ಮಾಡುದ್?"

ಹೌದು, ಅಳುತ್ತಿದ್ದಳು. ಅವನ ಅಜ್ಜಿಯ ಕಥೆಗಳನ್ನು ಕೇಳಿ ಕೇಳಿ, ನೋಡದೆಯೇ ಆ ಮುದುಕಿಯನ್ನು ಹಚ್ಚಿಕೊಂಡಿದ್ದಳು. ಅವನ ದುಃಖದ ದಿನವೇ ಅವನನ್ನು ಏನೆಲ್ಲ ಅಂದುಕೊಂಡೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ದೂರದಲ್ಲಿ ಬಸ್ಸು ಕಾಣಿಸಿತು.

"ನಿಮ್ಮನೆಯವ್ರ್ ಎಂತ ಅಂತ್ರ್?" ಕಣ್ಣೊರೆಸಿಕೊಂಡು ಕೇಳಿದಳು.

"ನಿನ್ನೆ ಸೂತಕ ಕಳೀತ್. ರಾತ್ರಿಯೇ ಅಮ್ಮನ ಹತ್ರ ನಮ್ ವಿಷ್ಯ ಹೇಳ್ದೆ. ದೀಪ ಆರ್ಸಿ ಮಲ್ಕಂಡ್ರ್. ಬೆಳಿಗ್ಗೆ ಎದ್ದ್, ಒಂದ್ಸಲ ಕರ್ಕಂಡ್ ಬಾ, ಹೆಂಗ್ ಇದ್ಲ್ ಕಾಂಬ, ಅಂದ್ರ್." ಅವನು ಅಂಗೈ ಚಾಚಿದ. "ಆ ಚಾಕ್‌ಪೀಸ್ ಈಗ ಕೊಡ್."

"ಎಸ್ದೆ," ಎಂದಳು. ಸುಳ್ಳು. ಬ್ಯಾಗಿನ ಮೂಲೆಯಿಂದ ತೆಗೆದು ಅವನ ಅಂಗೈಯಲ್ಲಿಟ್ಟಳು. ಅವನು ಚಾಕ್‌ಪೀಸಿನ ಜೊತೆ ಅವಳ ಬೆರಳನ್ನೂ ಹಿಡಿದುಕೊಂಡ.

ಬಸ್ಸು ಬಂದು ನಿಂತಿತು. "ಹತ್ತುದಾ, ಇಲ್ಲ್ಯಾ?" ಕಂಡಕ್ಟರ್ ಕೂಗಿದ. ಇಬ್ಬರೂ ಅಲುಗಾಡಲಿಲ್ಲ. ಬಸ್ಸು ಬೈಂದೂರಿನತ್ತ ಹೊರಟುಹೋಯಿತು.

"ನಂಗ್ ಇಷ್ಟೇ ಬೇಕಾದ್ದ್... ವಿತ್ ಯೂ," ಎಂದ.

"ಅದ್ ಬರೀ ತುಂಡ್ ಮಾಷ್ಟ್ರೆ. ವಾಕ್ಯ ಆಯ್ಲಿಲ್ಲ."

"ಕ್ರಿಯಾಪದ ನೀನೇ ಸೇರ್ಸ್."

ಸುರಕ್ಷಾ ಬ್ಯಾಗನ್ನು ಎತ್ತಿ ಅವನ ಹೆಗಲಿಗೆ ಹಾಕಿದಳು.

"ಬತ್ತೆ."